ಆರದ ಪಿನ್ನು

ಸಂಕಮ್ಮನವರ ಅಡುಗೆಮನೆಯಲ್ಲಿ ದೋಸೆಹಿಟ್ಟಿನ ಪಾತ್ರೆಗೆ ಒತ್ತಿಕೊಂಡು ಒಂದು ಹಳೆಯ ಕನ್ನಡಕ ಇರುತ್ತಿತ್ತು. ಅದು ಅವರ ಮಾವನದು. ಮಾವ ತೀರಿಕೊಂಡು ಬಹಳ ವರ್ಷವಾಗಿತ್ತು. ಕನ್ನಡಕ ಇನ್ನೂ ಬೆಚ್ಚಗಿತ್ತು.

“ಚಳಿಗಾಲದಾಗೂ ಹಿಟ್ಟು ಚೆನ್ನಾಗಿ ಉಬ್ಬತೈತೆ,” ಎಂದು ಸಂಕಮ್ಮ ನಾನು ಬಂದ ದಿನವೇ ಹೇಳಿದರು. “ಮನೆಯವ್ರೆಲ್ಲ ಮುಟ್ಟಿ ನೋಡಿದ್ವಿ, ಆರಲಿಲ್ಲ. ಅವರ ಇಸ್ಪೀಟಿನ ಗೆಳೆಯರನ್ನೂ ಕರೆಸಿದ್ವಿ. ಅವರೂ ಮುಟ್ಟಿದ್ರು, ಕಾಫಿ ಕುಡಿದು ಹೋದ್ರು. ಯಾರಿಗೆ ಅಂತ ಇಟ್ಟಾರೋ ಮಾರಾಯ. ಇರಲಿ, ಹಿಟ್ಟಿಗಾದರೂ ಆತು.”

ಆ ಊರಿನಲ್ಲಿ ಹಾಗೆ. ಯಾರಾದರೂ ತೀರಿಕೊಂಡರೆ ಅವರ ಮೈಮೇಲಿದ್ದ ಒಂದು ವಸ್ತು ಬೆಚ್ಚಗೆ ಉಳಿಯುತ್ತದೆ. ಒಂದೇ ಒಂದು. ಸೇರಬೇಕಾದ ಕೈ ಸೇರಿದಾಗ ಅದು ತಣ್ಣಗಾಗುತ್ತದೆ. ಅದಕ್ಕೆ ಅವರು ಆರುವುದು ಎನ್ನುತ್ತಾರೆ. ಕಾಫಿಗೂ ಅದೇ ಮಾತು. ಆರಿದ ಮೇಲೆ ಮನೆಯವರು ಅಳುತ್ತಾರೆ, ಸ್ನಾನ ಮಾಡುತ್ತಾರೆ, ಉಣ್ಣುತ್ತಾರೆ. ಆರದಿದ್ದರೆ ಕಾಯುತ್ತಾರೆ. ಕಾಯುವುದು ದೊಡ್ಡ ವಿಷಯವಲ್ಲ ಎನ್ನುವಂತೆ ಮನೆಯಲ್ಲಿ ಅದಕ್ಕೊಂದು ಜಾಗ ಮಾಡಿಕೊಡುತ್ತಾರೆ.

ವಿಮಾನ ಇಳಿದದ್ದು ಆ ಊರಿನ ಕೆರೆಯಂಗಳದಲ್ಲಿ. ಎಂಜಿನ್ ಎರಡೂ ನಿಂತಿದ್ದವಂತೆ. ಕೆರೆ ಬತ್ತಿತ್ತು. ಪೈಲಟ್ ಅದನ್ನು ಬಯಲು ಎಂದುಕೊಂಡು ಇಳಿಸಿದ. ವಿಮಾನ ಹೊಟ್ಟೆ ಊರಿ ಜಾರಿಕೊಂಡು ಹೋಗಿ ಹಳೆಯ ತೂಬಿನ ಕಲ್ಲುಕಟ್ಟಡಕ್ಕೆ ಬಡಿದು ಮುರಿಯಿತು. ಹಿಂದಿನ ಭಾಗದಲ್ಲಿದ್ದವರು ಬಹುತೇಕ ಬದುಕಿದರು. ನನ್ನ ಗಂಡ ಯತೀಶ ಮುಂದಿನ ಭಾಗದಲ್ಲಿ ಕೂತಿದ್ದರು.

ಆ ಊರಿನಲ್ಲಿ ಹೋಟೆಲ್ ಇಲ್ಲ. ಇರುವುದು ಮಂಡಕ್ಕಿ ಭಟ್ಟಿಗಳು. ಒಂದೊಂದು ಮನೆಯವರು ಒಂದೊಂದು ಕುಟುಂಬವನ್ನು ಒಳಗೆ ಕರೆದುಕೊಂಡರು. ಯಾರೂ ಹಾಗೆ ಮಾಡಿ ಎಂದು ಹೇಳಿರಲಿಲ್ಲ. ಬಸ್ಸಿನಿಂದ ಇಳಿದವರ ಕೈಯಿಂದ ಚೀಲ ತೆಗೆದುಕೊಂಡು ನಡೆದುಬಿಡುತ್ತಿದ್ದರು. ಚೀಲದ ಹಿಂದೆ ನಾವು ಹೋಗಬೇಕಿತ್ತು. ನನ್ನ ಚೀಲ ಸಂಕಮ್ಮನವರ ಕೈಗೆ ಹೋಯಿತು. ಅದು ಭಾರವಾಗಿತ್ತು. ಮನೆ ಬಿಡುವಾಗ ಏನು ತುಂಬಿದ್ದೆನೋ ನನಗೇ ಗೊತ್ತಿರಲಿಲ್ಲ. ಬಿಚ್ಚಿದಾಗ ಒಂದು ಇಸ್ತ್ರಿಪೆಟ್ಟಿಗೆ ಸಿಕ್ಕಿತು.

ವಿಮಾನ ಕಂಪನಿಯಿಂದ ನೊರೊನ್ಹಾ ಎನ್ನುವವರು ಬಂದಿದ್ದರು. ಸತ್ತವರ ಮನೆಯವರನ್ನು ನೋಡಿಕೊಳ್ಳುವುದು ಅವರ ಕೆಲಸ. ಅದಕ್ಕೆ ತರಬೇತಿ ಆಗಿತ್ತು. ‘ನಿಮ್ಮ ನೋವು ನನಗೆ ಅರ್ಥವಾಗುತ್ತದೆ’ ಎಂದು ಅವರು ಒಮ್ಮೆಯೂ ಹೇಳಲಿಲ್ಲ. ‘ಇನ್ನಿಲ್ಲ’ ಎನ್ನುತ್ತಿರಲಿಲ್ಲ, ‘ಸತ್ತಿದ್ದಾರೆ’ ಎನ್ನುತ್ತಿದ್ದರು. ಆ ಮಾತು ಹೇಳುವಾಗ ಪ್ರತಿ ಸಲವೂ ಒಂದು ಉಸಿರು ಎಳೆದುಕೊಳ್ಳುತ್ತಿದ್ದರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಆಗ ಯಾರ ಮೇಲೂ ಏನೂ ಬರುತ್ತಿರಲಿಲ್ಲ.

ವಸ್ತುಗಳನ್ನು ಮುಟ್ಟುವಾಗ ಎಲ್ಲರೂ ರಬ್ಬರ್ ಗವಸು ಹಾಕಿಕೊಳ್ಳಬೇಕೆಂದು ನೊರೊನ್ಹಾ ಪೆಟ್ಟಿಗೆಗಟ್ಟಲೆ ತರಿಸಿದ್ದರು. ಊರಿನ ಹೆಂಗಸರು ಅವನ್ನು ಭಟ್ಟಿಗೆ ಒಯ್ದರು. ಕಾದ ಮರಳಿಗೆ ಅವು ಕರಗಿ ಬೆರಳಿಗೆ ಅಂಟಿದವು. “ಚೆಂದಕ್ಕೆ ಮಾಡ್ಯಾರೆ, ಕೆಲಸಕ್ಕಲ್ಲ,” ಅಂದರು ಸಂಕಮ್ಮ. ಆಮೇಲೆ ನೊರೊನ್ಹಾ ಗವಸಿನ ಮಾತೆತ್ತಲಿಲ್ಲ.

ಶಾಲೆಯ ದೊಡ್ಡ ಕೋಣೆಯಲ್ಲಿ ಬೆಂಚುಗಳ ಮೇಲೆ ಮೊರಗಳನ್ನು ಸಾಲಾಗಿ ಇಟ್ಟಿದ್ದರು. ಒಂದೊಂದು ಮೊರದಲ್ಲಿ ಒಂದೊಂದು ವಸ್ತು: ಒಂದು ಬೆಲ್ಟು, ಒಂದು ಕಾಲುಂಗುರ, ಒಂದು ನಶ್ಯದ ಡಬ್ಬಿ. ಮನೆಯವರನ್ನು ಒಬ್ಬೊಬ್ಬರಾಗಿ ಕರೆಯುತ್ತಿದ್ದರು. ಬೆಲ್ಟು ಒಬ್ಬ ಮುದುಕಿಯ ಕೈಯಲ್ಲಿ ಆರಿತು. ಕಾಲುಂಗುರ ಗಂಡನ ಕೈಯಲ್ಲಿ ಆರಲಿಲ್ಲ, ನಾದಿನಿಯ ಕೈಯಲ್ಲಿ ಆರಿತು. ಗಂಡ ಪಕ್ಕಕ್ಕೆ ಸರಿದು ಆಕೆಗೆ ಕುರ್ಚಿ ಬಿಟ್ಟುಕೊಟ್ಟ. ಅವರೆಲ್ಲ ಹೊರಗೆ ಹೋಗಿ ಅತ್ತರು. ಮರುದಿನ ಬಸ್ಸು ಹತ್ತಿದರು.

ನನ್ನನ್ನು ಕರೆದರು. ಮೊರದಲ್ಲಿ ಒಂದು ಕಪ್ಪು ಹೇರ್‌ಪಿನ್ನು ಇತ್ತು. ಯತೀಶರ ಅಂಗಿಯ ಜೇಬಿನಲ್ಲಿ ಸಿಕ್ಕಿದ್ದು. ಮೈಮೇಲೆ ಸಿಕ್ಕಿದ್ದು ಆ ಮೈಯವರದೇ ಎಂಬುದು ಊರಿನವರ ಲೆಕ್ಕ. ಅದರಲ್ಲಿ ಅವರಿಗೆ ಅನುಮಾನವಿರಲಿಲ್ಲ. ಆ ಊರಿನಲ್ಲಿ ಜನ ಯಾವಾಗಲೂ ಒಬ್ಬೊಬ್ಬರಾಗಿ ಸತ್ತಿದ್ದರು.

ನಾನು ಪಿನ್ನು ಎತ್ತಿಕೊಂಡೆ. ಬೆಚ್ಚಗಿತ್ತು. ಹಿಡಿದೇ ನಿಂತೆ. ಬೆಚ್ಚಗೇ ಇತ್ತು. ಕೋಣೆಯಲ್ಲಿದ್ದ ಊರಿನವರು ಕಿಟಕಿಯ ಕಡೆ, ನೆಲದ ಕಡೆ, ತಮ್ಮ ಉಗುರಿನ ಕಡೆ ನೋಡತೊಡಗಿದರು. ನನ್ನ ಮೈದುನ ನನ್ನ ಕೈಯಿಂದ ಅದನ್ನು ತೆಗೆದುಕೊಂಡು ಅಂಗೈಯಲ್ಲಿ ಉಜ್ಜಿದ. ಆರಲಿಲ್ಲ.

“ಅತ್ತಿಗೆ, ಇದು ನಿಮ್ಮದಾ?” ಎಂದು ಕೇಳಿದ.

“ಅಲ್ಲ,” ಅಂದೆ. ನನ್ನ ಕೂದಲು ಕುತ್ತಿಗೆಯವರೆಗೂ ಬರುವುದಿಲ್ಲ. ಅದು ಅವನಿಗೂ ಗೊತ್ತಿತ್ತು.

ಅವನು ಪಿನ್ನನ್ನು ನನ್ನ ಕೈಗೆ ವಾಪಸು ಕೊಟ್ಟ. ಅಣ್ಣನ ದೇಹವನ್ನು ನಮ್ಮ ಊರಿಗೆ ಒಯ್ದ. ನಾನೂ ಹೋಗಿ ಎಲ್ಲ ಮುಗಿಸಿಕೊಂಡು ಪಿನ್ನು ಹಿಡಿದು ಸಂಕಮ್ಮನವರ ಮನೆಗೆ ಮರಳಿ ಬಂದೆ. ಅತ್ತೆ ಅದನ್ನು ಮುಟ್ಟಿ ನೋಡಿದ್ದರು. ಆಮೇಲೆ ಕೈ ತೊಳೆದುಕೊಂಡಿದ್ದರು.

“ಬೇಜಾರು ಮಾಡ್ಕಬ್ಯಾಡ ಕಣವ್ವ,” ಎಂದರು ಸಂಕಮ್ಮ. ಅವರು ಮಂಡಕ್ಕಿ ಜರಡಿ ಹಿಡಿಯುತ್ತಿದ್ದರು, ನಾನು ಪಕ್ಕದಲ್ಲಿ ಕೂತಿದ್ದೆ. “ನಮ್ಮೂರಾಗೆ ಒಬ್ಬನ ಉಡಿದಾರ ಕ್ಷೌರದವನ ಕೈಯಾಗೆ ಆರ್ತು. ಹೆಂಡತಿ ಮಕ್ಕಳು ಎಲ್ಲ ಇದ್ರು. ಯಾಕೆ ಅಂದ್ರೆ ಯಾಕೆ ಅಂತ ಹೇಳಾದು. ಆ ಕ್ಷೌರದವನೂ ಹೆದರಿ ಅಂಗಡಿ ಮುಚ್ಚಿದ್ದ. ಆಮೇಲೆ ಆ ಹೆಂಡತೀನೇ ಹೋಗಿ, ಬಾ ಮಾರಾಯ, ಹುಡುಗರ ತಲೆ ಕಾಡಾಗೈತೆ, ಅಂತ ಬಾಗಿಲು ತೆಗೆಸಿದ್ಲು.”

“ಇದು ಹೆಂಗಸಿನದು,” ಅಂದೆ.

“ಹೂಂ,” ಅಂದರು. ಜರಡಿ ಆಡಿಸುವುದನ್ನು ನಿಲ್ಲಿಸಲಿಲ್ಲ. “ಕ್ಷೌರದವನೂ ಗಂಡಸಲ್ವಾ. ಅದಕ್ಕೇನೀಗ.”

ನಾನು ಸಂಖ್ಯಾಶಾಸ್ತ್ರ ಓದಿದವಳು. ಸಂದೇಹವನ್ನು ಅಳತೆಯಲ್ಲಿಡುವುದನ್ನು ನಮಗೆ ಕಲಿಸಿದ್ದರು. ಪಿನ್ನಿನ ಒಂದು ಕಾಲಿನ ತುದಿಯಲ್ಲಿದ್ದ ಗುಂಡು ಕಿತ್ತುಹೋಗಿತ್ತು. ಅಲ್ಲಿ ಹಲ್ಲಿನ ಗುರುತಿತ್ತು. ಬಾಯಿಂದ ಕಚ್ಚಿ ಪಿನ್ನು ಬಿಡಿಸುವ ಯಾವಳೋ ಒಬ್ಬಳು. ಅವಳಿಗೆ ಉದ್ದ ಕೂದಲು. ಅಷ್ಟು ಗೊತ್ತಾಗಿತ್ತು. ಅದಕ್ಕಿಂತ ಹೆಚ್ಚು ಊಹಿಸಲು ಹೋಗಲಿಲ್ಲ. ಅಂಗೈಯಲ್ಲಿ ಹಿಡಿದು ಮಲಗಿದರೆ ನಿದ್ದೆ ಬರುತ್ತಿತ್ತು. ಯಾವಳದಾದರೂ ಆಗಲಿ, ಬಿಸಿ ಯತೀಶರದು ಎಂದುಕೊಂಡೆ.

ಹಗಲು ನನಗೆ ಮಾಡಲು ಏನೂ ಇರಲಿಲ್ಲ. ಹಾಗಾಗಿ ಶಾಲೆಗೆ ಹೋಗಿ ಹೊಸದಾಗಿ ಬಂದವರ ಜೊತೆ ಕೂರತೊಡಗಿದೆ. ವಿದೇಶದಿಂದ, ದೂರದ ಊರುಗಳಿಂದ ತಡವಾಗಿ ಬರುವವರಿದ್ದರು. ನೀರು ಕೊಡುವುದು, ಶೌಚಾಲಯ ಎಲ್ಲಿದೆ ಎಂದು ತೋರಿಸುವುದು, ಮೊರದ ಹತ್ತಿರ ಹೋಗುವಾಗ ಚೀಲ ಹಿಡಿದುಕೊಳ್ಳುವುದು. ಅಷ್ಟೇ. “ನೀವು ಏನೂ ಮಾತಾಡುವುದಿಲ್ಲ, ಅದೇ ಒಳ್ಳೆಯದಾಗುತ್ತಿದೆ,” ಎಂದರು ನೊರೊನ್ಹಾ. ತರಬೇತಿಯ ಮಾತೋ ಅವರ ಮಾತೋ ತಿಳಿಯಲಿಲ್ಲ.

ಸಂಕಮ್ಮನವರ ಎದುರು ಮನೆಯಲ್ಲಿ ಪದ್ಮರಾಜಯ್ಯ ಉಳಿದುಕೊಂಡಿದ್ದರು. ಅವರಿಗೆ ಯಾವುದೋ ಪೇಟೆಯಲ್ಲಿ ಕನ್ನಡಕದ ಅಂಗಡಿ. ಮಗಳು ತ್ರಿಶಲಾ ಅದೇ ವಿಮಾನದಲ್ಲಿ ತೀರಿಕೊಂಡಿದ್ದಳು. ಅವಳದೆಂದು ಯಾವ ಮೊರದಲ್ಲೂ ಏನೂ ಬಂದಿರಲಿಲ್ಲ. ಮೈಮೇಲೆ ಇದ್ದದ್ದೆಲ್ಲ ತಣ್ಣಗಿತ್ತು. ಬೆಚ್ಚಗಿರಬೇಕಾದದ್ದು ಕೆರೆಯಂಗಳದಲ್ಲಿ ಎಲ್ಲೋ ಬಿದ್ದಿದೆ ಎಂದು ಊರಿನವರು ಹೇಳಿದ್ದರು.

ಅಲ್ಲಿ ಹುಡುಕುವ ಕ್ರಮ ಬೇರೆ. ಬೆಳಗಿನ ಜಾವ, ಮಣ್ಣು ತಣ್ಣಗಿರುವಾಗ, ಬರಿಗಾಲಿನಲ್ಲಿ ನಡೆಯಬೇಕು. ಮಣ್ಣಿನೊಳಗೆ ಬೆಚ್ಚಗಿನದು ಇದ್ದರೆ ಅಂಗಾಲಿಗೆ ತಿಳಿಯುತ್ತದೆ. ಬಿಸಿಲೇರಿದ ಮೇಲೆ ಎಲ್ಲ ಮಣ್ಣೂ ಬೆಚ್ಚಗೇ. ಊರಿನವರು ಸಾಲಾಗಿ ನಡೆದು ನಡೆದು ಹೆಚ್ಚಿನವನ್ನು ಹೆಕ್ಕಿದ್ದರು. ಈಗ ಉಳಿದದ್ದು ತ್ರಿಶಲಾಳದು ಮಾತ್ರ ಎಂಬ ಲೆಕ್ಕದಲ್ಲಿ ಪದ್ಮರಾಜಯ್ಯ ದಿನವೂ ಹೋಗುತ್ತಿದ್ದರು. ಜೊತೆಗೆ ಹೋಗುವವರು ದಿನದಿನಕ್ಕೆ ಕಡಿಮೆಯಾದರು. ಭಟ್ಟಿ ನಿಲ್ಲಿಸಿ ಎಷ್ಟು ದಿನ ಬರಲು ಸಾಧ್ಯ. ಅವರು ಜಗಲಿಯ ಮೇಲೆ ಕೂತು ಬೂಟು ಬಿಚ್ಚಿ, ಕಾಲುಚೀಲ ಮಡಿಸಿ ಬೂಟಿನೊಳಗೆ ಇಟ್ಟು, ಪ್ಯಾಂಟಿನ ಅಂಚು ಮಡಚಿ ಹೊರಡುವುದು ನನಗೆ ಕಿಟಕಿಯಿಂದ ಕಾಣುತ್ತಿತ್ತು. ಬರುವಾಗ ಕುಂಟುತ್ತಿದ್ದರು. ಕೆರೆಯಂಗಳದ ತುಂಬ ತಗಡಿನ ಚೂರು.

ಮಳೆಗಾಲ ಮೇಲಿನ ಸೀಮೆಯಲ್ಲಿ ಶುರುವಾಗಿತ್ತು. ನಾಲೆಯಿಂದ ಕೆರೆಗೆ ನೀರು ಬಿಡುವ ಸಮಯ ಬಂತು. ನೀರುಗಂಟಿ ಬಂದು ಜಗಲಿಯಲ್ಲಿ ಪದ್ಮರಾಜಯ್ಯನವರ ಎದುರು ಕುಕ್ಕರುಗಾಲಲ್ಲಿ ಕೂತ.

“ಯಜಮಾನ್ರೇ, ಸೋಮವಾರಕ್ಕಿಂತ ಆಚೆಗೆ ತಡಿಯಾಕೆ ಆಗಲ್ಲ. ಕೆಳಗಿನ ಊರಿನೋರು ಬಾಯಿ ಮಾಡ್ತಾವ್ರೆ.”

“ತಪ್ಪಿಲ್ಲಪ್ಪ,” ಎಂದರು ಪದ್ಮರಾಜಯ್ಯ. “ನೀನು ಬಿಡು. ಅಷ್ಟರೊಳಗೆ ಸಿಕ್ಕಿದರೆ ಸಿಕ್ಕಿತು.”

“ನೀರಾಗೂ ಬೆಚ್ಚಗೇ ಇರ್ತೈತೆ ಸ್ವಾಮಿ. ಆರಲ್ಲ. ಮೀನು ಸುತ್ತ ಸೇರ್ತವೆ.” ಸಮಾಧಾನಕ್ಕೆ ಹೇಳಿದ. ಹೇಳಿದ ಮೇಲೆ ಅವನಿಗೇ ಅದು ಸರಿಯೆನಿಸಲಿಲ್ಲ. ಎದ್ದು ಹೋದ.

ಆ ವಾರ ನಾನು ಆಸ್ಪತ್ರೆಗೆ ಹೋಗಿದ್ದೆ. ವಿಮಾನದ ಕೆಲಸದವರಲ್ಲಿ ಬದುಕಿದವಳು ಝೀನತ್ ಎಂಬ ಹುಡುಗಿ. ಹೆಗಲಿನ ಮೂಳೆ ಮುರಿದು ಒಂದು ತೋಳನ್ನು ಎದೆಗೆ ಕಟ್ಟಿದ್ದರು. ಸಂಕಮ್ಮ ಅವಳಿಗೆ ಮಂಡಕ್ಕಿ ಉಂಡೆ ಕಳಿಸಿದ್ದರು. ಅವಳು ಒಂದು ಉಂಡೆ ತಿಂದು, “ಅಕ್ಕ, ಒಂದು ಉಪಕಾರ ಮಾಡ್ತೀರಾ, ಕೂದಲು ಕಟ್ಟಿಕೊಡ್ತೀರಾ? ಒಂದೇ ಕೈಲಿ ಆಗಲ್ಲ. ನರ್ಸು ಕಟ್ಟಿದ್ರೆ ಜಗಳ ಆಡಿದ ಹಾಗೆ ಕಟ್ತಾರೆ,” ಎಂದಳು.

ಬಾಚಿ ಕಟ್ಟಿದೆ. ಹಣೆಯ ಮೇಲೆ ಒಂದು ಎಳೆ ನಿಲ್ಲುತ್ತಿರಲಿಲ್ಲ. ಯೋಚಿಸದೆ ಕೈಚೀಲದಿಂದ ಪಿನ್ನು ತೆಗೆದೆ.

“ಪಿನ್ನು ಬೇಡ ಅಕ್ಕ,” ಅಂದಳು. ತಲೆ ಹಿಂದಕ್ಕೆ ಎಳೆದುಕೊಂಡಿದ್ದಳು. “ಹಾಗೇ ಬಿಡಿ. ಪರವಾಗಿಲ್ಲ.”

“ಯಾಕೆ?”

ಅವಳು ಸ್ವಲ್ಪ ಹೊತ್ತು ಉಂಡೆಯ ಪುಡಿಯನ್ನು ಹಾಸಿಗೆಯಿಂದ ಹೆಕ್ಕಿದಳು. “ಇಳಿಯೋ ಮೊದಲು ನಾವು ಎಲ್ಲರಿಗೂ ಹೇಳಬೇಕು. ಚೂಪಾದದ್ದು ಏನೂ ಮೈಮೇಲೆ ಇರಬಾರದು. ಪೆನ್ನು, ಕನ್ನಡಕ, ಪಿನ್ನು, ಎತ್ತರದ ಚಪ್ಪಲಿ. ನಾನು ಸಾಲು ಸಾಲು ಹೇಳ್ಕೊಂಡು ಬಂದೆ. ಮುಂದೆ ಒಬ್ಬ ಹುಡುಗಿ, ಇಷ್ಟುದ್ದ ಕೂದಲು, ತುರುಬು ಹಾಕಿದ್ಲು. ಪಿನ್ನು ತೆಗೀತಾಳೆ, ತೆಗೀತಾಳೆ, ಮುಗೀತಾನೇ ಇಲ್ಲ. ಪಕ್ಕದಲ್ಲಿ ಒಬ್ಬರು ನೀಲಿ ಗೀಟಿನ ಅಂಗಿಯವರು ಅಂಗೈ ಒಡ್ಡಿ ಹಿಡಿದಿದ್ರು. ಅವಳು ಒಂದೊಂದೇ ಹಾಕ್ತಿದ್ಲು. ಅವರು ಏನಂದ್ರು ಗೊತ್ತಾ? ‘ಏನಮ್ಮ, ತಲೆಯಲ್ಲೇ ಅಂಗಡಿ ಇಟ್ಟಿದ್ದೀಯಾ.’ ಆ ಹುಡುಗಿ ನಕ್ಕಳು ಅಕ್ಕ. ಅಂಥ ಹೊತ್ತಲ್ಲಿ. ನನಗೂ ನಗು ಬಂತು.”

ನಾನು ಬಾಚಣಿಗೆಯಲ್ಲಿ ಸಿಕ್ಕಿದ್ದ ಕೂದಲನ್ನು ಬೆರಳಿಗೆ ಸುತ್ತುತ್ತಿದ್ದೆ. ನೀಲಿ ಗೀಟಿನ ಅಂಗಿಗೆ ಆ ಬೆಳಿಗ್ಗೆ ಇಸ್ತ್ರಿ ಹಾಕಿದವಳು ನಾನು. ನಾನು ಕೈಚೀಲದಲ್ಲಿ ಬೀಗದ ಕೈ ಹುಡುಕುವಾಗಲೆಲ್ಲ ಬಾಗಿಲಲ್ಲಿ ನಿಂತು ಯತೀಶ ಕೇಳುತ್ತಿದ್ದರು: ಒಳಗೆ ಅಂಗಡಿ ಇಟ್ಟಿದ್ದೀಯಾ.

“ಪಿನ್ನೆಲ್ಲ ಏನು ಮಾಡಿದರು?” ಎಂದು ಕೇಳಿದೆ.

“ಎದುರು ಸೀಟಿನ ಚೀಲಕ್ಕೆ ಹಾಕಿ ಅಂದೆ, ಹಾಕಿದ್ರು. ಆಮೇಲೆ ಕೊನೇದೊಂದು ಅವಳ ಕಿವಿ ಹಿಂದೆ ಉಳಿದಿತ್ತು. ಅಷ್ಟರಲ್ಲಿ ತಲೆ ಬಗ್ಗಿಸಿ ಅಂತ ಕೂಗಬೇಕಾಯ್ತು. ಅವರು ಅದನ್ನ ಇಸ್ಕೊಂಡು ಜೇಬಿಗೆ ಹಾಕ್ಕೊಂಡ್ರು. ‘ಇಳಿದ ಮೇಲೆ ಕೊಡ್ತೀನಿ’ ಅಂದ್ರು.” ಝೀನತ್ ನನ್ನ ಮುಖ ನೋಡಿದಳು. “ನಿಮಗೆ ಅವರು…?”

“ತಲೆ ಅಲ್ಲಾಡಿಸಬೇಡ,” ಅಂದೆ. “ಜಡೆ ಬಿಚ್ಚುತ್ತೆ.”

ಪಿನ್ನು ನನ್ನ ಮಡಿಲಲ್ಲಿ ಬೆಚ್ಚಗೆ ಕೂತಿತ್ತು.

ಆಸ್ಪತ್ರೆಯಿಂದ ಬಂದವಳು ಅದನ್ನು ಎದುರು ಮನೆಗೆ ಕೊಡಲಿಲ್ಲ. ಬೆಚ್ಚಗಿನದು ಸಿಗದೆ ಉಳಿದದ್ದು ತ್ರಿಶಲಾಳದೊಂದೇ, ಕೊಡಬೇಕೆಂದು ದಾರಿಯುದ್ದಕ್ಕೂ ಗೊತ್ತಿತ್ತು. ಹೊಸ್ತಿಲು ದಾಟಿ ಸಂಕಮ್ಮನವರ ಮನೆಯೊಳಗೆ ಹೋದೆ. ಯಾರದೋ ಮಗಳ ಬಿಸಿ ಎಂದು ತಿಳಿದ ಮೇಲೂ ಅದು ಅಂಗೈಗೆ ಮೊದಲಿನಂತೆಯೇ ಇತ್ತು. ಕೊಟ್ಟರೆ ನನ್ನ ಹತ್ತಿರ ಯತೀಶರದೆಂದು ಏನೂ ಉಳಿಯುವುದಿಲ್ಲ. ಇಟ್ಟುಕೊಂಡರೂ ಉಳಿದಿರಲಿಲ್ಲ. ಆದರೆ ಅದು ಬೆಚ್ಚಗಿತ್ತು.

ಮರುದಿನ ಪದ್ಮರಾಜಯ್ಯ ಕೆರೆಯಿಂದ ಬಂದು ಜಗಲಿಯಲ್ಲಿ ಕಾಲು ತೊಳೆಯುತ್ತಿದ್ದರು. ಸಂಕಮ್ಮ ನನ್ನ ಕೈಗೆ ಅರಿಸಿನದ ಬಟ್ಟಲು ಕೊಟ್ಟು ಕಳಿಸಿದರು. ಹಿಮ್ಮಡಿ ಸೀಳಿತ್ತು. ನಾನು ನೀರು ಸುರಿದೆ.

“ತ್ರಿಶಲಾಗೆ ಐದು ವರ್ಷ ಇದ್ದಾಗ ಅವಳ ತಾಯಿ ಹೋದಳು,” ಎಂದರು. ಕೇಳಿದ್ದಕ್ಕೆ ಉತ್ತರ ಹೇಳುವವರಂತೆ ಹೇಳಿದರು. ನಾನು ಏನೂ ಕೇಳಿರಲಿಲ್ಲ. “ಜಡೆ ಹಾಕೋದು ನಾನೇ ಕಲಿತೆ. ಅಂಗಡಿಗೆ ಬರೋ ಹೆಂಗಸರನ್ನ ಕೇಳಿ ಕೇಳಿ ಕಲಿತೆ. ಮೊದಮೊದಲು ಸ್ಕೂಲಲ್ಲಿ ನಗ್ತಿದ್ರಂತೆ. ಆಮೇಲೆ ಬೇರೆ ಹುಡುಗಿಯರೂ ಬರೋರು, ಅಂಕಲ್ ನಮಗೂ ಹಾಕಿ ಅಂತ.” ಅರಿಸಿನ ಹಚ್ಚಿಕೊಂಡರು. “ಹುಡುಕೋದು ಏನನ್ನ ಅಂತಲೇ ನನಗೆ ಗೊತ್ತಿಲ್ಲ ನೋಡಿ. ವಾಚೋ, ಓಲೆಯೋ. ಏನಾದರೂ ಆಗಲಿ. ಬೆಚ್ಚಗಿದ್ದರೆ ಸಾಕು. ಕೈ ತಣ್ಣಗಿದ್ರೆ ಅವಳಿಗೆ ಆಗ್ತಿರಲಿಲ್ಲ. ಅಪ್ಪ, ಕೈ ಉಜ್ಜಿಕೊಂಡು ಬಾ, ಆಮೇಲೆ ತಲೆ ಮುಟ್ಟು, ಅನ್ನೋಳು.”

ನಾನು ಬಟ್ಟಲು ಕೆಳಗಿಟ್ಟೆ. ಸೆರಗಿನ ತುದಿಯ ಗಂಟು ಬಿಚ್ಚಿದೆ. ಬೆಚ್ಚಗಿನದು ಬಟ್ಟೆಯಿಂದ ಜಾರಿ ನನ್ನ ಅಂಗೈಗೆ ಬಂತು. ಸ್ವಲ್ಪ ಹೊತ್ತು ಬೆರಳು ಮುಚ್ಚಿದೆ. ಆಮೇಲೆ ತೆರೆದೆ.

“ಇದು ನನ್ನ ಗಂಡನ ಜೇಬಿನಲ್ಲಿತ್ತು,” ಅಂದೆ. “ಅವರದಲ್ಲ.”

ಅವರು ಪಿನ್ನನ್ನು ಮುಟ್ಟಲಿಲ್ಲ. ಬಗ್ಗಿ ನೋಡಿದರು. ಕನ್ನಡಕ ಹಣೆಗೆ ಏರಿಸಿ ಇನ್ನೂ ಹತ್ತಿರದಿಂದ ನೋಡಿದರು. ಕಿತ್ತುಹೋದ ತುದಿಯನ್ನು, ಹಲ್ಲಿನ ಗುರುತನ್ನು.

“ಹಲ್ಲಲ್ಲಿ ಬಿಡಿಸಬೇಡ ಅಂತ ಎಷ್ಟು ಹೇಳಿದ್ದೆ ಇವಳಿಗೆ,” ಎಂದರು. ಎರಡೂ ಅಂಗೈ ಗಸಗಸ ಉಜ್ಜಿಕೊಂಡು ಮುಂದೆ ಚಾಚಿದರು.

ಇಟ್ಟೆ. ನನ್ನ ಬೆರಳು ಇನ್ನೂ ಅದರ ಮೇಲಿತ್ತು. ಹಾಗಾಗಿ ಅದು ಆರಿದ್ದು ನನಗೂ ತಿಳಿಯಿತು. ನಿಧಾನವಾಗಿ ಅಲ್ಲ. ತಟ್ಟನೆ ಒಂದು ಸಾಮಾನ್ಯ ಪಿನ್ನು ಆಯಿತು, ಅಂಗಡಿಯಲ್ಲಿ ರಟ್ಟಿಗೆ ಸಿಕ್ಕಿಸಿ ಮಾರುವಂಥದು.

ಅವರು ಅಳುವವರೆಗೆ ನಾನು ಅಲ್ಲೇ ಕೂತಿದ್ದೆ. ಆಮೇಲೆ ಝೀನತ್ ಹೇಳಿದ್ದನ್ನು ಹೇಳಿದೆ. ಅಂಗಡಿಯ ಮಾತು, ಅವಳು ನಕ್ಕಿದ್ದು, ಇಳಿದ ಮೇಲೆ ಕೊಡ್ತೀನಿ ಅಂದದ್ದು. ಅವರು ಆ ಕೊನೆಯ ಮಾತನ್ನು ಇನ್ನೊಂದು ಸಲ ಹೇಳಿಸಿದರು. ಒಳಗಿನಿಂದ ಮನೆಯಾಕೆ ಬಿಸಿನೀರು ಕಾದಿದೆ ಎಂದು ಕೂಗಿದಳು. ಅವರು ಸ್ನಾನ ಮಾಡಿದರು. ಉಂಡರು. ಅವರು ಅನ್ನ ಇನ್ನೊಂದು ಸಲ ಬಡಿಸಿಕೊಂಡರು ಎಂದು ಆಕೆ ಸಂಕಮ್ಮನವರಿಗೆ ಬೇಲಿಯಾಚೆಯಿಂದ ಹೇಳಿದ್ದು ಕೇಳಿಸಿತು. ಬೆಳಗಿನ ಬಸ್ಸಿಗೆ ಸೀಟು ಹೇಳಿಸಿದ್ದಾರೆ ಎಂದೂ ಹೇಳಿದಳು.

ನೊರೊನ್ಹಾಗೆ ವಿಷಯ ತಿಳಿಸಿದೆ. “ಹಾಗಾದರೆ ನಿಮ್ಮವರದು ಇನ್ನೂ ಕೆರೆಯಂಗಳದಲ್ಲೇ ಇದೆ,” ಅಂದರು.

“ಇರಬಹುದು.”

“ನಾಳಿದ್ದು ನೀರು ಬಿಡುತ್ತಾರೆ.”

“ಗೊತ್ತು,” ಅಂದೆ.

ಬೆಳಗಿನ ಜಾವ ಅಭ್ಯಾಸಬಲದಿಂದ ಎಚ್ಚರವಾಯಿತು. ಮುಷ್ಟಿ ಬಿಗಿದಿತ್ತು, ಒಳಗೆ ಏನೂ ಇರಲಿಲ್ಲ. ಕಿಟಕಿಗೆ ಹೋದೆ. ಎದುರಿನ ಜಗಲಿಯಲ್ಲಿ ಪದ್ಮರಾಜಯ್ಯನವರ ಚೀಲ ಕಟ್ಟಿ ಇಟ್ಟಿತ್ತು. ಅವರು ಪಕ್ಕದಲ್ಲಿ ಕೂತಿದ್ದರು. ಬೂಟು ಹಾಕಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಅಲ್ಲ, ಬಿಚ್ಚುತ್ತಿದ್ದರು. ಕಾಲುಚೀಲ ಮಡಿಸಿ ಬೂಟಿನೊಳಗೆ ಇಟ್ಟರು. ಪ್ಯಾಂಟಿನ ಅಂಚು ಮಡಚಿದರು. ಹಿಮ್ಮಡಿಗೆ ಬಟ್ಟೆ ಸುತ್ತಿದ್ದರು. ಬಗ್ಗಿ ಅದನ್ನೂ ಬಿಚ್ಚಿದರು.

ನಾನು ಬಾಗಿಲು ತೆರೆದೆ.

“ನಿಮಗೆ ಬಸ್ಸಿದೆ,” ಅಂದೆ.

“ಸಂಜೆಗೂ ಒಂದಿದೆಯಂತೆ,” ಎಂದರು. “ತೂಬಿನ ಎಡಗಡೆ ನನ್ನದು ಪೂರ್ತಿ ಆಗಿದೆ, ಅಲ್ಲಿ ಏನೂ ಇಲ್ಲ. ಬಲಗಡೆ ಬಾಕಿ. ನಿಮ್ಮವರು ಪೆನ್ನು ಇಟ್ಕೊಳ್ತಿದ್ರಾ?”

“ಗೊತ್ತಿಲ್ಲ. ಇರಬಹುದು. ನೆನಪಾಗ್ತಿಲ್ಲ.”

“ಆಗೋದು ಬೇಡ. ಕಾಲಿಗೆ ಗೊತ್ತಾಗುತ್ತೆ.”

ಸಂಕಮ್ಮ ಹಿಂದಿನಿಂದ ಬಂದರು. ಅವರ ಕಾಲೂ ಬರಿದಾಗಿತ್ತು. ಜರಡಿಯನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದರು. “ನಿನ್ ಚಪ್ಪಲಿ ಬಿಡವ್ವ,” ಎಂದರು, “ಅದರ ಮ್ಯಾಲೆ ನಿಂತ್ಕಂಡು ಏನು ಮಾತು.”

ಅಷ್ಟು ದಿನ ಆ ಊರಿನಲ್ಲಿದ್ದರೂ ನಾನು ಕೆರೆಯಂಗಳಕ್ಕೆ ಇಳಿದಿರಲಿಲ್ಲ. ಚಪ್ಪಲಿಯನ್ನು ಅವರ ಬೂಟಿನ ಪಕ್ಕದಲ್ಲಿ ಬಿಟ್ಟೆ. ಏರಿಯಿಂದ ಇಳಿಯುವಾಗ ಪದ್ಮರಾಜಯ್ಯ ಮುಂದೆ ಹೋಗಿ, ತಗಡು ಇರುವಲ್ಲಿ ತಿರುಗಿ ಕೈ ತೋರಿಸುತ್ತಿದ್ದರು. ತೂಬಿನ ಬಲಗಡೆ ಮೂವರೂ ಒಂದು ತೋಳಿನಷ್ಟು ಅಂತರ ಬಿಟ್ಟು ನಿಂತೆವು. ಮಣ್ಣು ತಣ್ಣಗಿತ್ತು. ಅಷ್ಟು ತಣ್ಣಗಿರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಇನ್ನೊಂದು ಹೆಜ್ಜೆ ಇಟ್ಟೆ.